ಡೆಸ್ಕ್‌ಟಾಪ್ ಪ್ರಾಜೆಕ್ಟಿಗೆ ಟೂಲ್‌ಕಿಟ್ ಆರಿಸುವಾಗ: ಅತಿ ಕಷ್ಟದ ವಿಂಡೋದಿಂದ ಶುರು ಮಾಡಿ

ಹೊಸ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯಲು ಕೂತರೆ ಮೊದಲ ದಿನವೇ ಈ ಪ್ರಶ್ನೆ ಬರುತ್ತದೆ: ವಿಂಡೋ, ಬಟನ್, ಮೆನು ಕಟ್ಟಿಕೊಡುವ ಟೂಲ್‌ಕಿಟ್ ಯಾವುದಿರಲಿ? ಕ್ಯೂಟಿ ಹಿಡಿಯೋಣವೇ, ಜಿಟಿಕೆಯೇ? ಟಿಕಿಂಟರ್ ಸಾಕಾಗುತ್ತದಾ? ಇಲ್ಲ, ಎಲೆಕ್ಟ್ರಾನ್? ಪ್ರತಿ ಟೂಲ್‌ಕಿಟ್‌ನ ಜೊತೆಗೂ ಒಂದು ಪುಟ್ಟ ಉದಾಹರಣೆ ಇರುತ್ತದೆ: ಒಂದು ವಿಂಡೋ, ಅದರಲ್ಲಿ ಒಂದು ಬಟನ್, ಒತ್ತಿದರೆ ಒಂದು ಸಾಲು ಬರಹ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಅಷ್ಟು ಕೆಲಸವನ್ನು ಎಲ್ಲ ಟೂಲ್‌ಕಿಟ್‌ಗಳೂ ಚೆನ್ನಾಗಿಯೇ ಮಾಡುತ್ತವೆ.

ವ್ಯತ್ಯಾಸ ಗೊತ್ತಾಗುವುದು ಕಷ್ಟದ ಜಾಗದಲ್ಲಿ. ಹಾಗಾಗಿ ನಿಮ್ಮ ಪ್ರೋಗ್ರಾಮಿನ ಅತಿ ಕಷ್ಟದ ವಿಂಡೋ ಯಾವುದು ಅಂತ ಮೊದಲು ಗುರುತಿಸಿ. ಐದು ಲಕ್ಷ ಸಾಲಿನ ಟೇಬಲ್ ತೋರಿಸಿ, ವಿಂಗಡಿಸಿ, ಅಲ್ಲೇ ತಿದ್ದುವಂಥದ್ದಾ? ಗೆರೆ ಎಳೆದು, ಜೂಮ್ ಮಾಡಿ, ಆಕಾರಗಳನ್ನು ಜರುಗಿಸುವ ಕ್ಯಾನ್ವಾಸಾ? ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಉದ್ದದ ಬರಹಕ್ಕೆ ಎಡಿಟರಾ? ಆ ಒಂದು ವಿಂಡೋವನ್ನು ಯಾವುದು ಸಲೀಸಾಗಿ ಮಾಡಿಕೊಡುತ್ತದೋ ಅದನ್ನೇ ಆರಿಸಿ. ಸೆಟ್ಟಿಂಗ್ಸ್, ಲಾಗಿನ್, ಮೆನು ಇವೆಲ್ಲ ಯಾವುದರಲ್ಲಾದರೂ ಆಗುತ್ತವೆ.

ಇಷ್ಟು ಯೋಚನೆ ಯಾಕೆ ಬೇಕು ಅಂದರೆ, ಆಮೇಲೆ ಬದಲಾಯಿಸುವುದು ತುಂಬಾ ಕಷ್ಟ. ನೆಟ್‌ವರ್ಕ್ ಸಂಚಾರ ನೋಡುವ ವೈರ್‌ಶಾರ್ಕ್ ಮೊದಲು ಜಿಟಿಕೆಯಲ್ಲಿತ್ತು. 2015ರಲ್ಲಿ 2.0 ಆವೃತ್ತಿಯೊಂದಿಗೆ ಕ್ಯೂಟಿಗೆ ಬಂತು. ಹಳೆಯ ಜಿಟಿಕೆ ಮುಖವನ್ನು ಪೂರ್ತಿ ತೆಗೆದುಹಾಕಿದ್ದು 2019ರಲ್ಲಿ, 3.0 ಬಂದಾಗ. ಅಲ್ಲಿಯವರೆಗೆ ಎರಡನ್ನೂ ಸಾಕಬೇಕಾಯಿತು. ಚಿತ್ರ ತಿದ್ದುವ ಗಿಂಪ್‌ನ ವಿಷಯ ಇನ್ನೂ ಹೆಚ್ಚು ಹೇಳುತ್ತದೆ. ಜಿಟಿಕೆ ಹುಟ್ಟಿದ್ದೇ ಗಿಂಪ್‌ಗೋಸ್ಕರ. ಆದರೂ 2011ರಲ್ಲಿ ಬಂದ ಜಿಟಿಕೆ 3ಕ್ಕೆ ಗಿಂಪ್ ಪೂರ್ತಿಯಾಗಿ ದಾಟಿದ್ದು 2025ರ ಮಾರ್ಚ್‌ನಲ್ಲಿ, 3.0 ಬಿಡುಗಡೆಯಾದಾಗ. ಅಷ್ಟರಲ್ಲಿ ಜಿಟಿಕೆ 4 ಬಂದು ನಾಲ್ಕು ವರ್ಷ ದಾಟಿತ್ತು. ಇದು ಬೇರೆ ಟೂಲ್‌ಕಿಟ್‌ಗೆ ಹೋಗಿದ್ದಲ್ಲ, ಅದೇ ಟೂಲ್‌ಕಿಟ್‌ನ ಮುಂದಿನ ಆವೃತ್ತಿಗೆ ಹೋಗಿದ್ದು ಅಷ್ಟೇ.

ಒಂದೇ ಓಎಸ್ ಸಾಕಾದರೆ

ಪ್ರೋಗ್ರಾಂ ಯಾವ ಯಾವ ಓಎಸ್‌ನಲ್ಲಿ (ವಿಂಡೋಸ್, ಮ್ಯಾಕ್, ಲಿನಕ್ಸ್) ಓಡಬೇಕು ಅನ್ನುವುದಕ್ಕೆ ಪ್ರಾಮಾಣಿಕವಾದ ಉತ್ತರ ಬೇಕು. "ಎಲ್ಲ ಕಡೆ ಓಡಲಿ" ಅನ್ನುವ ಆಸೆ ಸಹಜ. ಆದರೆ ಬಳಸುವವರೆಲ್ಲ ವಿಂಡೋಸ್‌ನಲ್ಲೇ ಇದ್ದರೆ ಮೂರು ಓಎಸ್‌ಗಳ ಭಾರ ಯಾಕೆ ಹೊರಬೇಕು?

ವಿಂಡೋಸ್ ಮಾತ್ರ ಸಾಕಾದರೆ ಸಿ ಶಾರ್ಪ್‌ನಲ್ಲಿ ವಿನ್‌ಫಾರ್ಮ್ಸ್ ಅಥವಾ ಡಬ್ಲ್ಯುಪಿಎಫ್ ನೋಡಿ. ವಿನ್‌ಫಾರ್ಮ್ಸ್ 2002ರದ್ದು, ಡಬ್ಲ್ಯುಪಿಎಫ್ 2006ರದ್ದು. ಹಳೆಯದು ಅಂತ ಮೂಗು ಮುರಿಯಬೇಡಿ. ಎರಡೂ ಇಂದಿನ ಡಾಟ್‌ನೆಟ್‌ನಲ್ಲಿ ಓಡುತ್ತವೆ. ಎಡವಿದ ಪ್ರತಿ ಪ್ರಶ್ನೆಗೂ ಯಾರೋ ಈಗಾಗಲೇ ಉತ್ತರ ಬರೆದಿಟ್ಟಿದ್ದಾರೆ. ಡೇಟಾ ಎಂಟ್ರಿಯ ಫಾರ್ಮ್ ಬೇಗ ನಿಲ್ಲಿಸಬೇಕೆಂದರೆ ವಿನ್‌ಫಾರ್ಮ್ಸ್‌ನಷ್ಟು ಸಲೀಸಾದದ್ದು ಕಡಿಮೆ. ಮ್ಯಾಕ್ ಮಾತ್ರ ಸಾಕಾದರೆ ಸ್ವಿಫ್ಟ್‌ಯುಐ. ಅದಕ್ಕೆ ಎಟುಕದ ಕಡೆ ಹಳೆಯ ಆಪ್‌ಕಿಟ್. ಇದರಲ್ಲಿ ಜಾಸ್ತಿ ಯೋಚಿಸುವಂಥದ್ದು ಏನೂ ಇಲ್ಲ.

ತೆರೆಯ ಮೇಲೆ ಬರೆಯುವವರು ಯಾರು?

ಎರಡು ಮೂರು ಓಎಸ್ ಬೇಕೇಬೇಕು ಅಂದಾಗ ಟೂಲ್‌ಕಿಟ್‌ಗಳು ಮೂರು ದಾರಿ ಹಿಡಿಯುತ್ತವೆ. ಕೆಲವು, ಓಎಸ್ ಕೊಡುವ ಬಟನ್, ಪಟ್ಟಿ, ಚೆಕ್‌ಬಾಕ್ಸ್‌ಗಳನ್ನೇ (ಇವಕ್ಕೆ ವಿಜೆಟ್ ಅನ್ನುತ್ತಾರೆ) ಬಳಸುತ್ತವೆ. ಡಬ್ಲ್ಯುಎಕ್ಸ್‌ವಿಜೆಟ್ಸ್ ಈ ಗುಂಪಿನದು, ಎಕ್ಲಿಪ್ಸ್‌ನಲ್ಲಿ ಬಳಸುವ ಎಸ್‌ಡಬ್ಲ್ಯುಟಿ ಕೂಡ. ಎರಡನೆಯ ಗುಂಪು ಎಲ್ಲವನ್ನೂ ತಾನೇ ಬಿಡಿಸುತ್ತದೆ: ಕ್ಯೂಟಿ, ಜಿಟಿಕೆ, ಜಾವಾಎಫ್‌ಎಕ್ಸ್, ಅವಲೋನಿಯಾ, ಫ್ಲಟರ್. ಮೂರನೆಯದು ಬ್ರೌಸರ್ ಎಂಜಿನ್‌ಗೇ ಆ ಕೆಲಸ ಒಪ್ಪಿಸುತ್ತದೆ: ಎಲೆಕ್ಟ್ರಾನ್, ಟೌರಿ.

ಓಎಸ್‌ನದೇ ವಿಜೆಟ್ ಆದರೆ ಪ್ರೋಗ್ರಾಂ ಆ ಊರಿನವರಂತೆಯೇ ಕಾಣುತ್ತದೆ. ಕೀಬೋರ್ಡ್ ಅಭ್ಯಾಸ, ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನ ಬೆಂಬಲ ಬಹುಪಾಲು ತಾನಾಗಿಯೇ ಬರುತ್ತವೆ. ಆದರೆ ಮೂರು ಓಎಸ್‌ಗಳ ವಿಜೆಟ್‌ಗಳು ಒಂದೇ ಥರ ನಡೆದುಕೊಳ್ಳುವುದಿಲ್ಲ. ಇಲ್ಲಿ ಸರಿ ಕೂತ ಲೇಔಟ್ ಅಲ್ಲಿ ಎರಡು ಪಿಕ್ಸೆಲ್ ಆಚೀಚೆ ಹೋಗುತ್ತದೆ. ಒಂದು ಟ್ರೀ ಕಂಟ್ರೋಲ್ ಲಿನಕ್ಸ್‌ನಲ್ಲಿ ಕಳಿಸುವ ಈವೆಂಟ್ ವಿಂಡೋಸ್‌ನಲ್ಲಿ ಬೇರೆ ಕ್ರಮದಲ್ಲಿ ಬರಬಹುದು. ತಾನೇ ಬಿಡಿಸುವ ಟೂಲ್‌ಕಿಟ್‌ನಲ್ಲಿ ಈ ತಲೆನೋವು ಕಡಿಮೆ, ಎಲ್ಲ ಕಡೆ ಒಂದೇ ನಡವಳಿಕೆ. ಬದಲಿಗೆ, ನೋಟವನ್ನು ಆಯಾ ಓಎಸ್‌ಗೆ ಹೊಂದಿಸುವ ಹೊಣೆ ಟೂಲ್‌ಕಿಟ್ ಬರೆದವರ ಮೇಲೆ ಬೀಳುತ್ತದೆ. ಅವರು ಯಾವ ಓಎಸ್‌ಗೆ ಹೆಚ್ಚು ಗಮನ ಕೊಟ್ಟಿದ್ದಾರೆ ಅನ್ನುವುದೇ ನಿಜವಾದ ಪ್ರಶ್ನೆ ಆಗುತ್ತದೆ.

ಕ್ಯೂಟಿ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ವಲ್ಪ ದೊಡ್ಡ ಪ್ರಾಜೆಕ್ಟ್, ಎರಡಕ್ಕಿಂತ ಹೆಚ್ಚು ಓಎಸ್, ಬೇರೆ ಯಾವ ಕಟ್ಟುಪಾಡೂ ಇಲ್ಲ ಅಂದರೆ ಕ್ಯೂಟಿಯನ್ನೇ ಮೊದಲು ಪರೀಕ್ಷಿಸಿ. ಲಿನಕ್ಸ್ ಡೆಸ್ಕ್‌ಟಾಪ್ ಆದ ಕೆಡಿಇ, ಕ್ರಿಟಾ, ವಿಎಲ್‌ಸಿ, ಒಬಿಎಸ್ ಸ್ಟುಡಿಯೋ, ವರ್ಚುವಲ್‌ಬಾಕ್ಸ್ ಎಲ್ಲ ಇದರ ಮೇಲೆ ನಿಂತಿವೆ. ಇವು ಬೇರೆ ಬೇರೆ ಥರದ ಕೆಲಸ ಮಾಡುವ ಪ್ರೋಗ್ರಾಂಗಳು ಅನ್ನುವುದನ್ನು ಗಮನಿಸಿ.

ಇದರ ಬಲ ಕಾಣುವುದು ದೊಡ್ಡ ಟೇಬಲ್‌ನಲ್ಲಿ. ಕ್ಯೂಟಿಯಲ್ಲಿ ಡೇಟಾ ಕೊಡುವ ಮಾಡೆಲ್ ಬೇರೆ, ಅದನ್ನು ತೋರಿಸುವ ವಿಜೆಟ್ ಬೇರೆ. ಟೇಬಲ್ ವಿಜೆಟ್ ನಿಮ್ಮ ಮಾಡೆಲ್‌ಗೆ "ಈ ಸಾಲು, ಈ ಕಾಲಂನಲ್ಲಿ ಏನಿದೆ?" ಅಂತ ಕಣ್ಣಿಗೆ ಕಾಣುವಷ್ಟು ಭಾಗಕ್ಕೆ ಮಾತ್ರ ಕೇಳುತ್ತದೆ. ಹಾಗಾಗಿ ಹತ್ತು ಲಕ್ಷ ಸಾಲಿದ್ದರೂ ಸ್ಕ್ರಾಲ್ ಹಗುರಾಗಿಯೇ ಇರುತ್ತದೆ. ವಿಂಗಡಿಸುವುದು, ಸೋಸುವುದು ಮಧ್ಯದಲ್ಲಿ ಕೂರುವ ಪ್ರಾಕ್ಸಿ ಮಾಡೆಲ್‌ನ ಕೆಲಸ. ಹೊಸಬರು ಸುಲಭ ಅಂತ ಕ್ಯೂಟೇಬಲ್‌ವಿಜೆಟ್ ಹಿಡಿಯುತ್ತಾರೆ. ಅದು ಪ್ರತಿ ಸೆಲ್‌ಗೂ ಒಂದು ಐಟಂ ಇಟ್ಟುಕೊಳ್ಳುತ್ತದೆ. ನೂರು ಸಾಲಿಗೆ ಸರಿ, ಲಕ್ಷಕ್ಕೆ ಅಲ್ಲ. ಕ್ಯೂಟೇಬಲ್‌ವ್ಯೂ ಜೊತೆಗೆ ಸ್ವಂತ ಮಾಡೆಲ್ ಬರೆಯಿರಿ. ಮೊದಲ ದಿನ ತಲೆಬಿಸಿ ಆಗುತ್ತದೆ, ಆದರೆ ಕಲಿಯಲೇಬೇಕಾದದ್ದು ಅದು.

ಇನ್ನೊಂದು ಬಲ ಸಿಗ್ನಲ್ ಮತ್ತು ಸ್ಲಾಟ್: ಏನೋ ಆಯಿತು ಅಂತ ಸಾರುವುದು ಸಿಗ್ನಲ್, ಅದಕ್ಕೆ ಉತ್ತರವಾಗಿ ಓಡುವ ಫಂಕ್ಷನ್ ಸ್ಲಾಟ್. ಬೇರೆ ಥ್ರೆಡ್‌ನಲ್ಲಿರುವ ಆಬ್ಜೆಕ್ಟ್‌ಗೆ ಸಿಗ್ನಲ್ ಕಳಿಸಿದರೆ ಕ್ಯೂಟಿ ಅದನ್ನು ತಾನೇ ಸರದಿಯಲ್ಲಿಟ್ಟು ಸರಿಯಾದ ಥ್ರೆಡ್‌ಗೆ ಮುಟ್ಟಿಸುತ್ತದೆ. ಹಿನ್ನೆಲೆಯಲ್ಲಿ ಫೈಲ್ ಓದುತ್ತಾ ಮುಂದೆ ಪ್ರೋಗ್ರೆಸ್ ಬಾರ್ ಓಡಿಸುವುದು ಇದರಿಂದ ತುಂಬಾ ಸುಲಭವಾಗುತ್ತದೆ.

ಕ್ಯೂಟಿಯಲ್ಲೇ ವಿಜೆಟ್ಸ್ ಬೇಕೋ, ವಿಂಡೋವನ್ನು ಬರಹದಲ್ಲಿ ವರ್ಣಿಸುವ ಕ್ಯೂಎಂಎಲ್ ಭಾಷೆ ಬೇಕೋ ಅನ್ನುವ ಗೊಂದಲ ಎಲ್ಲರಿಗೂ ಇರುತ್ತದೆ. ಮೆನು, ಟೂಲ್‌ಬಾರ್, ಟೇಬಲ್, ಡಾಕ್ ಇರುವ ಆಫೀಸ್ ಥರದ ಪ್ರೋಗ್ರಾಮಿಗೆ ವಿಜೆಟ್ಸ್. ಅನಿಮೇಷನ್ ಜಾಸ್ತಿ ಇದ್ದು, ಟಚ್ ಸ್ಕ್ರೀನ್‌ನಲ್ಲೂ ಓಡಬೇಕಾದರೆ ಕ್ಯೂಎಂಎಲ್. ಕ್ಯೂಎಂಎಲ್ ಹೊಸದು, ವಿಜೆಟ್ಸ್ ಇನ್ನೇನು ಮುಗಿಯಿತು ಅನ್ನುವ ಮಾತು ಕೇಳಿ ಹೆದರಬೇಡಿ. 2020ರ ಡಿಸೆಂಬರ್‌ನಲ್ಲಿ ಬಂದ ಕ್ಯೂಟಿ 6ರಲ್ಲೂ ವಿಜೆಟ್ಸ್ ಪೂರ್ತಿಯಾಗಿ ಇದೆ.

ಕ್ಯೂಟಿಯಲ್ಲಿ ಜನ ಎಡವುವುದು ಲೈಸೆನ್ಸ್‌ನಲ್ಲಿ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಕೋಡ್ ಬರೆಯುವ ಮೊದಲೇ. ಕ್ಯೂಟಿಯ ಬಹುಪಾಲು ಎಲ್‌ಜಿಪಿಎಲ್ ಅಡಿಯಲ್ಲಿ ಸಿಗುತ್ತದೆ. ಅಂದರೆ ನಿಮ್ಮ ಕೋಡ್ ಮುಚ್ಚಿಟ್ಟುಕೊಂಡೇ ಮಾರಬಹುದು. ಆದರೆ ಬಳಸುವವರು ಕ್ಯೂಟಿ ಲೈಬ್ರರಿಯನ್ನು ತಮಗೆ ಬೇಕಾದ ಆವೃತ್ತಿಗೆ ಬದಲಾಯಿಸಿಕೊಳ್ಳಲು ಆಗುವಂತಿರಬೇಕು, ಲೈಸೆನ್ಸ್ ಬರಹವನ್ನು ಜೊತೆಗೆ ಕೊಡಬೇಕು. ಡೈನಾಮಿಕ್ ಲಿಂಕಿಂಗ್ ಇದ್ದರೆ ಇದು ಸುಲಭ. ಕ್ಯೂಟಿ ಚಾರ್ಟ್ಸ್‌ನಂಥ ಕೆಲವು ಮಾಡ್ಯೂಲ್‌ಗಳು ಮಾತ್ರ ಜಿಪಿಎಲ್ (ಹಂಚುವಾಗ ನಿಮ್ಮ ಕೋಡನ್ನೂ ತೆರೆದಿಡಬೇಕಾದ ಲೈಸೆನ್ಸ್) ಅಥವಾ ಹಣ ಕೊಟ್ಟು ಪಡೆಯುವ ಲೈಸೆನ್ಸ್‌ನಲ್ಲಿವೆ. ಅವನ್ನು ಸೇರಿಸುವ ಮುಂಚೆ ನೋಡಿ. ಪೈಥಾನ್‌ನಲ್ಲಿ ಬರೆಯುವವರಿಗೆ ಇನ್ನೊಂದು ಮಾತು: ಕ್ಯೂಟಿಯನ್ನು ಪೈಥಾನ್‌ಗೆ ತರುವ ಪೈಕ್ಯೂಟಿ ಮತ್ತು ಪೈಸೈಡ್ ಎರಡರ ಕೋಡ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಆದರೆ ಪೈಕ್ಯೂಟಿ ಜಿಪಿಎಲ್ ಅಥವಾ ಹಣದ ಲೈಸೆನ್ಸ್, ಪೈಸೈಡ್ 6 ಎಲ್‌ಜಿಪಿಎಲ್. ಪ್ರೋಗ್ರಾಮಿನ ಕೋಡ್ ತೆರೆದಿಡುವ ಯೋಚನೆ ಇಲ್ಲದಿದ್ದರೆ ಪೈಸೈಡ್‌ನಿಂದಲೇ ಶುರು ಮಾಡಿ.

"ನಾಳೆ ಕಂಪನಿ ಉಚಿತ ಆವೃತ್ತಿ ನಿಲ್ಲಿಸಿದರೆ?" ಅಂತ ಕೇಳುವವರಿದ್ದಾರೆ. ಇದಕ್ಕೆ 1998ರಿಂದಲೇ ಒಂದು ಒಪ್ಪಂದ ಇದೆ. ಉಚಿತ ಆವೃತ್ತಿಯ ಬಿಡುಗಡೆ ನಿಂತುಹೋದರೆ ಕೆಡಿಇ ಫ್ರೀ ಕ್ಯೂಟಿ ಫೌಂಡೇಶನ್ ಅದನ್ನು ಬಿಎಸ್‌ಡಿ ಥರದ ಸಡಿಲ ಲೈಸೆನ್ಸ್‌ನಲ್ಲಿ ಹೊರತರಬಹುದು. ಕಂಪನಿ ಕೈ ಬದಲಾದಾಗಲೂ ಇದು ಉಳಿದುಕೊಂಡು ಬಂದಿದೆ. ನನಗೆ ಕ್ಯೂಟಿ ಮೇಲೆ ನಂಬಿಕೆ ಬರಲು ಇದೂ ಒಂದು ಕಾರಣ. ಆದರೆ ಎಲ್‌ಟಿಎಸ್ (ದೀರ್ಘ ಕಾಲ ಬೆಂಬಲ ಸಿಗುವ) ಆವೃತ್ತಿಗಳ ತೇಪೆಗಳು ಹಣ ಕೊಟ್ಟವರಿಗೇ ಮೊದಲು. ಉಚಿತವಾಗಿ ಬಳಸುವವರು ಹೊಸ ಆವೃತ್ತಿಗಳ ಜೊತೆ ಹೆಜ್ಜೆ ಹಾಕುತ್ತಲೇ ಇರಬೇಕು.

ಜಿಟಿಕೆ

ಪ್ರೋಗ್ರಾಂ ಮುಖ್ಯವಾಗಿ ಲಿನಕ್ಸ್‌ಗೆ, ಅದರಲ್ಲೂ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಅಂದರೆ ಜಿಟಿಕೆ 4 ಮತ್ತು ಅದರ ಮೇಲೆ ಗ್ನೋಮ್ ನೋಟ ಕೊಡುವ ಲಿಬ್‌ಅದ್ವೈತಕ್ಕೆ ಎದುರೇ ಇಲ್ಲ. ಸ್ವಲ್ಪ ಕೋಡ್‌ನಲ್ಲೇ ಒಪ್ಪವಾದ, ಕಿರಿದಾದ ತೆರೆಗೂ ಹೊಂದಿಕೊಳ್ಳುವ ವಿಂಡೋ ಸಿಗುತ್ತದೆ. ಮೂಲ ಸಿ ಭಾಷೆಯಲ್ಲಿದೆ. ಆದರೆ ಬೇರೆ ಭಾಷೆಯವರಿಗೆ ಇದರಷ್ಟು ಅನುಕೂಲ ಮಾಡಿಕೊಟ್ಟ ಟೂಲ್‌ಕಿಟ್ ಅಪರೂಪ. ಲೈಬ್ರರಿಯ ವಿವರಗಳನ್ನು ಯಂತ್ರ ಓದುವ ರೂಪದಲ್ಲಿ ಕೊಡುವ ಏರ್ಪಾಡು ಇರುವುದರಿಂದ ಪೈಥಾನ್, ರಸ್ಟ್, ಜಾವಾಸ್ಕ್ರಿಪ್ಟ್, ವಾಲಾ ಎಲ್ಲದರಿಂದಲೂ ಬಳಸಬಹುದು. ರಸ್ಟ್‌ನಲ್ಲಿ ಬರೆಯುವವರಿಗಂತೂ ಇದು ಒಳ್ಳೆಯ ಆಯ್ಕೆ. ಕ್ಯೂಟಿಯ ಸಿ ಪ್ಲಸ್ ಪ್ಲಸ್ ಅನ್ನು ರಸ್ಟ್‌ಗೆ ಕಟ್ಟುವುದು ಇದಕ್ಕಿಂತ ತೊಡಕು. ಪೂರ್ತಿ ಎಲ್‌ಜಿಪಿಎಲ್, ಲೈಸೆನ್ಸ್‌ನಲ್ಲಿ ಕವಲುಗಳಿಲ್ಲ.

ಇನ್ನೊಂದು ಕಡೆ ನೋಡಿ. ವಿಂಡೋಸ್‌ನಲ್ಲಿ ಜಿಟಿಕೆ ಓಡುತ್ತದೆ, ಆದರೆ ಸಾಮಾನ್ಯವಾಗಿ ಎಂಸಿಸ್2 (MSYS2) ಅನ್ನುವ ಬಿಲ್ಡ್ ಸಾಧನದ ಮೂಲಕ ಲೈಬ್ರರಿಗಳನ್ನು ಕಟ್ಟಿ, ಐಕಾನ್, ಸ್ಕೀಮಾ ಫೈಲ್‌ಗಳನ್ನೆಲ್ಲ ಹುಡುಕಿ ಜೊತೆಗೆ ಸೇರಿಸಬೇಕು. ಮ್ಯಾಕ್‌ನಲ್ಲೂ ಹೀಗೇ. ಓಡಿದ ಮೇಲೂ ಅದು ಗ್ನೋಮ್ ಪ್ರೋಗ್ರಾಂ ಥರವೇ ಕಾಣುತ್ತದೆ. ಬಳಸುವವರಲ್ಲಿ ಹೆಚ್ಚಿನವರು ವಿಂಡೋಸ್‌ನವರಾದರೆ ನಾನು ಜಿಟಿಕೆ ಸೂಚಿಸುವುದಿಲ್ಲ.

ಇದರ ಬದಲಾವಣೆಯ ವೇಗವೂ ಲೆಕ್ಕಕ್ಕೆ ಬರಬೇಕು. 2023ರ 4.10 ಆವೃತ್ತಿಯಲ್ಲಿ ಹಳೆಯ ಟ್ರೀವ್ಯೂ ಮತ್ತು ಡೈಲಾಗ್‌ಗಳನ್ನು "ಇನ್ನು ಬಳಸಬೇಡಿ" ಪಟ್ಟಿಗೆ ಸೇರಿಸಿದರು. ಬದಲಿಗೆ ಬಂದ ಕಾಲಂವ್ಯೂ ನಿಜಕ್ಕೂ ಉತ್ತಮ, ಲಕ್ಷಾಂತರ ಸಾಲನ್ನು ಚೆನ್ನಾಗಿ ತೂಗಿಸುತ್ತದೆ. ಆದರೆ ಹಳೆಯ ಪಾಠ, ಹಳೆಯ ಉತ್ತರಗಳು ಕೆಲಸಕ್ಕೆ ಬರುವುದಿಲ್ಲ. ಫಾರ್ಮ್ ಡಿಸೈನ್‌ಗೆ ಎಲ್ಲರೂ ಬಳಸುತ್ತಿದ್ದ ಗ್ಲೇಡ್ ಜಿಟಿಕೆ 4ಕ್ಕೆ ಬರಲಿಲ್ಲ. ಪಾಠ ಹುಡುಕುವಾಗ ಅದು 3ಕ್ಕೋ 4ಕ್ಕೋ ಅಂತ ಮೊದಲು ನೋಡಿಕೊಳ್ಳಿ.

ಡಬ್ಲ್ಯುಎಕ್ಸ್ ಮತ್ತು ಟಿಕೆ

ಡಬ್ಲ್ಯುಎಕ್ಸ್‌ವಿಜೆಟ್ಸ್ 1992ರಿಂದ ಇದೆ. ಕಿಕ್ಯಾಡ್, ಫೈಲ್‌ಜಿಲ್ಲಾ ಇದರಲ್ಲೇ ಬರೆದದ್ದು. ಲೈಸೆನ್ಸ್ ತುಂಬಾ ಸಡಿಲ: ಸ್ಟ್ಯಾಟಿಕ್ ಲಿಂಕ್ ಮಾಡಿ, ಒಂದೇ ಫೈಲ್ ಆಗಿ ಕೊಟ್ಟರೂ ತೊಂದರೆ ಇಲ್ಲ. ಓಎಸ್‌ನದೇ ನೋಟ ಬೇಕು, ಪ್ರೋಗ್ರಾಂ ಸಣ್ಣದಿರಬೇಕು, ಲೈಸೆನ್ಸ್ ಚಿಂತೆ ಬೇಡ ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಸ್ವಂತ ನೋಟದ ವಿಜೆಟ್ ಬೇಕಾದಾಗ ಮಾತ್ರ ಕೈ ಕಟ್ಟಿದಂತೆ ಆಗುತ್ತದೆ. ವಿಂಡೋಸ್‌ನ ಡಾರ್ಕ್ ಮೋಡ್ ಬೆಂಬಲ ಬಂದಿದ್ದೇ 2025ರ 3.3ರಲ್ಲಿ.

ಟಿಕೆಯನ್ನು ಪೈಥಾನ್‌ನಿಂದ ಬಳಸಲು ಇರುವ ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಮಾತ್ರ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು. ನಾಲ್ಕು ಇನ್‌ಪುಟ್, ಒಂದು ಬಟನ್, ಕೆಳಗೆ ಫಲಿತಾಂಶ ಇಷ್ಟಕ್ಕೆ ಕ್ಯೂಟಿ ತರಬೇಡಿ, ಟಿಕಿಂಟರ್ ಸಾಕು. ಅದರಲ್ಲೇ ಇರುವ, ಹೊಸ ನೋಟದ ಟಿಟಿಕೆ ವಿಜೆಟ್‌ಗಳನ್ನೇ ಬಳಸಿ, ನೋಟ ಎಷ್ಟೋ ವಾಸಿ. ಆದರೆ ದೊಡ್ಡ ಟೇಬಲ್‌ಗೆ ಇದು ಒಗ್ಗುವುದಿಲ್ಲ. ಇದರ ಟ್ರೀವ್ಯೂಗೆ ಎಲ್ಲ ಸಾಲನ್ನೂ ಮುಂಚೆಯೇ ತುಂಬಬೇಕು. ಇನ್ನೊಂದು ದೊಡ್ಡ ಕೊರತೆ ಬರಹದ್ದು. ಅದನ್ನು ಬೇರೆಯಾಗಿಯೇ ಹೇಳಬೇಕು.

ಒತ್ತಕ್ಷರದ ಪರೀಕ್ಷೆ

ಹೋಲಿಕೆಯ ಪಟ್ಟಿಗಳಲ್ಲಿ ಈ ಅಂಶ ಕಾಣುವುದೇ ಅಪರೂಪ. ಕನ್ನಡದವರಿಗೆ ಇದು ಮೊದಲ ಸಾಲಿನಲ್ಲಿ ಇರಬೇಕು.

ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಆಕಾರ ಸಾಲಾಗಿ ಇಟ್ಟರೆ ಆಯಿತು. ಕನ್ನಡದಲ್ಲಿ ಹಾಗಲ್ಲ. "ಸ್ವಾತಂತ್ರ್ಯ" ಬರೆಯಲು ಒತ್ತುಗಳು ಕೆಳಗೆ ಇಳಿಯಬೇಕು. "ಸೂರ್ಯ"ದಲ್ಲಿ ಅರ್ಕಾವೊತ್ತು ರೂಪ ಬಳಸಿದರೆ ಮೊದಲು ಬಂದ ರಕಾರ ಆಮೇಲೆ ಕೂರಬೇಕು. ಈ ಜೋಡಣೆಗೆ ಶೇಪಿಂಗ್ ಅನ್ನುತ್ತಾರೆ. ಹಾರ್ಫ್‌ಬಜ್ ಅನ್ನುವ ಲೈಬ್ರರಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕ್ಯೂಟಿ, ಜಿಟಿಕೆ, ಕ್ರೋಮಿಯಂ (ಎಲೆಕ್ಟ್ರಾನ್‌ನ ಒಳಗಿರುವ ಬ್ರೌಸರ್), ಫ್ಲಟರ್ ಎಲ್ಲವೂ ಅದನ್ನು ಬಳಸುತ್ತವೆ. ಜಾವಾದ ಸ್ವಿಂಗ್ ಕೂಡ ಜೆಡಿಕೆ 9ರಿಂದ ಅದನ್ನೇ ನೆಚ್ಚಿಕೊಂಡಿದೆ. ಆದರೆ ಲಿನಕ್ಸ್‌ನಲ್ಲಿ ಟಿಕೆ 8.6 ಶೇಪಿಂಗ್ ಮಾಡುವುದಿಲ್ಲ. ಒತ್ತು ಬಿಡಿಬಿಡಿಯಾಗಿ, ಹಲಂತದ ಗುರುತಿನೊಂದಿಗೆ ಬಂದು ಕೂರುತ್ತದೆ. ಗೇಮ್ ಟೂಲ್‌ಗಳಲ್ಲಿ ಜನಪ್ರಿಯವಾದ ಡಿಯರ್ ಇಮ್‌ಗುಯಿಯಲ್ಲೂ ಶೇಪಿಂಗ್ ಇಲ್ಲ.

ತೋರಿಸುವುದಷ್ಟೇ ಸಾಲದು, ಟೈಪ್ ಮಾಡಿ ನೋಡಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಎಷ್ಟು ಅಳಿಯುತ್ತದೆ? ಬಾಣದ ಕೀ ಒತ್ತಿದರೆ ಕರ್ಸರ್ ಅಕ್ಷರದ ನಡುವೆ ಸಿಕ್ಕಿಕೊಳ್ಳುತ್ತದಾ? ಕನ್ನಡ ಟೈಪ್ ಮಾಡಿಸುವ ಇನ್‌ಪುಟ್ ಮೆಥಡ್ ಕೆಲಸ ಮಾಡುತ್ತದಾ? ಲೇಬಲ್ ಚೆನ್ನಾಗಿ ಕಂಡರೂ ಎಡಿಟ್ ಬಾಕ್ಸ್‌ನಲ್ಲಿ ಕೈಕೊಡುವ ಟೂಲ್‌ಕಿಟ್‌ಗಳಿವೆ. ಹೊಸದಾಗಿ ಹುಟ್ಟಿದ, ಎಲ್ಲವನ್ನೂ ತಾನೇ ಬಿಡಿಸುವ ಟೂಲ್‌ಕಿಟ್ ಆದರೆ ಈ ಪರೀಕ್ಷೆ ಮಾಡದೆ ಒಂದು ಸಾಲು ಕೋಡ್ ಕೂಡ ಬರೆಯಬೇಡಿ.

ಸ್ಕ್ರೀನ್ ರೀಡರ್ ಪರೀಕ್ಷೆಯೂ ಇದರ ಜೊತೆಗೇ ಆಗಬೇಕು. ವಿಂಡೋಸ್‌ನಲ್ಲಿ ಎನ್‌ವಿಡಿಎ, ಲಿನಕ್ಸ್‌ನಲ್ಲಿ ಓರ್ಕಾ, ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಹಾಕಿ, ಮೌಸ್ ಮುಟ್ಟದೆ ನಿಮ್ಮ ವಿಂಡೋದಲ್ಲಿ ಓಡಾಡಿ. ಡಬ್ಲ್ಯುಎಕ್ಸ್, ಕ್ಯೂಟಿ ವಿಜೆಟ್ಸ್, ಎಲೆಕ್ಟ್ರಾನ್ ಇಲ್ಲಿ ಒಳ್ಳೆಯ ಸ್ಥಿತಿಯಲ್ಲಿವೆ. ಟಿಕೆ 8.6 ಬಹಳ ಹಿಂದಿದೆ. ಕಣ್ಣು ಕಾಣದವರು ಬಳಸಲಾಗದ ಪ್ರೋಗ್ರಾಂ ಅರ್ಧ ಮಾತ್ರ ಮುಗಿದ ಪ್ರೋಗ್ರಾಂ. ಇದನ್ನು ಕೊನೆಗೆ ಸೇರಿಸೋಣ ಅಂದರೆ ಆಗುವುದಿಲ್ಲ, ಟೂಲ್‌ಕಿಟ್‌ನಲ್ಲಿ ಬೆಂಬಲ ಇರಬೇಕು, ಇಲ್ಲವಾದರೆ ಇಲ್ಲ.

ವೆಬ್ ದಾರಿ

ನಿಮ್ಮ ತಂಡಕ್ಕೆ ಎಚ್‌ಟಿಎಂಎಲ್, ಟೈಪ್‌ಸ್ಕ್ರಿಪ್ಟ್ ಚೆನ್ನಾಗಿ ಗೊತ್ತಿದ್ದು, ಇದೇ ಮುಖ ವೆಬ್‌ನಲ್ಲೂ ಬೇಕಾದರೆ ಎಲೆಕ್ಟ್ರಾನ್ ಸರಿಯಾದ ಆಯ್ಕೆ. ವಿಎಸ್ ಕೋಡ್ ಇದರಲ್ಲೇ ಇದೆ ಅಂದ ಮೇಲೆ ಸಾಮರ್ಥ್ಯದ ಬಗ್ಗೆ ಅನುಮಾನ ಬೇಡ. ಆದರೆ ಪ್ರತಿ ಪ್ರೋಗ್ರಾಂ ಜೊತೆಗೂ ಒಂದು ಪೂರ್ತಿ ಕ್ರೋಮಿಯಂ ಹೋಗುತ್ತದೆ. ಇನ್‌ಸ್ಟಾಲ್ ಆದ ಮೇಲೆ ನೂರು ಎಂಬಿ ಸುಲಭವಾಗಿ ದಾಟುತ್ತದೆ, ಮೆಮೊರಿಯೂ ಜಾಸ್ತಿ. ಗಾತ್ರಕ್ಕಿಂತ ದೊಡ್ಡ ವಿಷಯ ನಿರ್ವಹಣೆ. ಎಲೆಕ್ಟ್ರಾನ್ ಎಂಟು ವಾರಕ್ಕೊಮ್ಮೆ ದೊಡ್ಡ ಆವೃತ್ತಿ ತರುತ್ತದೆ, ಬೆಂಬಲ ಇರುವುದು ಇತ್ತೀಚಿನ ಮೂರಕ್ಕೆ ಮಾತ್ರ. ಬರೆದು ಮುಗಿಸಿ ಎರಡು ವರ್ಷ ಮುಟ್ಟದೆ ಇಡುವಂಥ ಪ್ರಾಜೆಕ್ಟ್ ಆದರೆ ಬ್ರೌಸರ್‌ನ ಸುರಕ್ಷತೆಯ ತೂತುಗಳು ಹಾಗೇ ಉಳಿಯುತ್ತವೆ.

ಟೌರಿ ಓಎಸ್‌ನಲ್ಲಿರುವ ವೆಬ್‌ವ್ಯೂ ಬಳಸುತ್ತದೆ. ಹಾಗಾಗಿ ಫೈಲ್ ಕೆಲವೇ ಎಂಬಿ. ಆದರೆ ವಿಂಡೋಸ್‌ನಲ್ಲಿ ಕ್ರೋಮಿಯಂ ಆಧಾರದ ವೆಬ್‌ವ್ಯೂ2, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ವೆಬ್‌ಕಿಟ್. ಒಂದೇ ಪುಟ ಎರಡು ಎಂಜಿನ್‌ಗಳಲ್ಲಿ ಎರಡು ಥರ ನಡೆದುಕೊಳ್ಳಬಹುದು, ವಿಶೇಷವಾಗಿ ಲಿನಕ್ಸ್‌ನಲ್ಲಿ ಜಾಗ್ರತೆ. ಹಿಂದಿನ ಭಾಗ ರಸ್ಟ್‌ನಲ್ಲಿ ಬರೆಯಲು ಇಷ್ಟವಿದ್ದರೆ ಮಾತ್ರ ಇದು ಖುಷಿ ಕೊಡುತ್ತದೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಡಾಟ್‌ನೆಟ್ ತಂಡಕ್ಕೆ ಲಿನಕ್ಸ್ ಕೂಡ ಬೇಕಾದರೆ ಅವಲೋನಿಯಾ. ಮೈಕ್ರೋಸಾಫ್ಟ್‌ನ ಮಾಯಿ (MAUI) ಟೂಲ್‌ಕಿಟ್‌ನಲ್ಲಿ ಲಿನಕ್ಸ್‌ಗೆ ಅಧಿಕೃತ ಬೆಂಬಲ ಇಲ್ಲ. ಜಾವಾದವರಿಗೆ ಸ್ವಿಂಗ್ ಇನ್ನೂ ಗಟ್ಟಿ, ಇಂಟೆಲಿಜೆ ಅದರ ಮೇಲೇ ನಿಂತಿದೆ. ಜಾವಾಎಫ್‌ಎಕ್ಸ್ 11ನೇ ಆವೃತ್ತಿಯಿಂದ ಜೆಡಿಕೆಯ ಹೊರಗಿದೆ. ಮೊಬೈಲ್ ಆಪ್ ಫ್ಲಟರ್‌ನಲ್ಲಿ ಈಗಾಗಲೇ ಇದ್ದರೆ ಡೆಸ್ಕ್‌ಟಾಪ್‌ಗೂ ಅದನ್ನೇ ಎಳೆಯಬಹುದು. ಪ್ಯಾಸ್ಕಲ್ ಬಲ್ಲವರಿಗೆ ಲಾಜರಸ್ ಇವತ್ತಿಗೂ ಫಾರ್ಮ್ ಕಟ್ಟುವ ಅದ್ಭುತ ಸಾಧನ.

ಎರಡನ್ನು ಆರಿಸಿ, ಕಟ್ಟಿ ನೋಡಿ

ಇಷ್ಟರಲ್ಲಿ ನಿಮ್ಮ ಪಟ್ಟಿ ಎರಡಕ್ಕೆ ಇಳಿದಿರುತ್ತದೆ. ಈಗ ಓದುವುದು ನಿಲ್ಲಿಸಿ. ಅತಿ ಕಷ್ಟದ ಆ ವಿಂಡೋವನ್ನು ಎರಡರಲ್ಲೂ ಒರಟಾಗಿ ಕಟ್ಟಿ. ನಿಜವಾದ ಪ್ರಮಾಣದ ಡೇಟಾ ತುಂಬಿ, ಹತ್ತು ಸಾಲಿನ ಸ್ಯಾಂಪಲ್ ಬೇಡ. ಐದು ಸೆಕೆಂಡ್ ಹಿಡಿಯುವ ಒಂದು ಕೆಲಸವನ್ನು ಹಿನ್ನೆಲೆ ಥ್ರೆಡ್‌ನಲ್ಲಿ ಓಡಿಸಿ, ನಡುವೆ ವಿಂಡೋ ಹಿಡಿದು ಎಳೆಯಿರಿ. ಹೆಪ್ಪುಗಟ್ಟಿದರೆ ಟೂಲ್‌ಕಿಟ್‌ನ ತಪ್ಪು ಅಂತ ಆತುರಪಡಬೇಡಿ. ಬಹುತೇಕ ಎಲ್ಲದರಲ್ಲೂ ವಿಜೆಟ್‌ಗಳನ್ನು ಮುಟ್ಟುವ ಹಕ್ಕು ಮುಖ್ಯ ಥ್ರೆಡ್‌ಗೆ ಮಾತ್ರ. ಫಲಿತಾಂಶವನ್ನು ಅಲ್ಲಿಗೆ ಮುಟ್ಟಿಸುವ ದಾರಿ ಮಾತ್ರ ಬೇರೆ ಬೇರೆ: ಕ್ಯೂಟಿಯಲ್ಲಿ ಸಿಗ್ನಲ್, ಜಿಟಿಕೆಯಲ್ಲಿ ಐಡಲ್ ಕಾಲ್‌ಬ್ಯಾಕ್, ಡಬ್ಲ್ಯುಎಕ್ಸ್‌ನಲ್ಲಿ ಕಾಲ್‌ಆಫ್ಟರ್. ಯಾವುದು ನಿಮ್ಮ ಕೈಗೆ ಸಹಜವಾಗಿ ಬರುತ್ತದೆ ಅಂತ ನೋಡಿ. ತೆರೆಯನ್ನು ಶೇಕಡ 150ಕ್ಕೆ ಹಿಗ್ಗಿಸಿ ಅಕ್ಷರ, ಐಕಾನ್ ಮಸುಕಾಗುತ್ತವಾ ಪರೀಕ್ಷಿಸಿ. ಒಂದು ತೆರೆಯಿಂದ ಬೇರೆ ಅಳತೆಯ ಇನ್ನೊಂದಕ್ಕೆ ವಿಂಡೋ ಎಳೆದು ನೋಡಿ.

ಲೆಕ್ಕಾಚಾರದ ಕೋಡ್ ಮತ್ತು ವಿಂಡೋದ ಕೋಡ್ ಬೇರೆ ಬೇರೆ ಫೈಲ್‌ಗಳಲ್ಲಿ ಇರಲಿ. ಎರಡು ಟೂಲ್‌ಕಿಟ್‌ನಲ್ಲಿ ಕಟ್ಟುವಾಗ ಇದು ತಾನಾಗಿಯೇ ಆಗುತ್ತದೆ, ಯಾಕಂದರೆ ಒಂದೇ ಲೆಕ್ಕವನ್ನು ಎರಡು ಸಲ ಬರೆಯಲು ಯಾರಿಗೂ ಮನಸ್ಸಿರುವುದಿಲ್ಲ.

ಆಮೇಲೆ ಅದನ್ನು ಪ್ಯಾಕ್ ಮಾಡಿ, ಏನೂ ಇನ್‌ಸ್ಟಾಲ್ ಮಾಡದ ವರ್ಚುವಲ್ ಮಷೀನ್‌ನಲ್ಲಿ ಓಡಿಸಿ. ಈ ಹೆಜ್ಜೆಯನ್ನು ಪ್ರಾಜೆಕ್ಟ್ ಮುಗಿದ ಮೇಲೆ ಇಟ್ಟುಕೊಳ್ಳುವವರೇ ಜಾಸ್ತಿ, ಆದರೆ ಇದಕ್ಕೆ ಸರಿಯಾದ ಸಮಯ ಮೊದಲ ವಾರ. ಪೈಥಾನ್ ಆದರೆ ಪೈಇನ್‌ಸ್ಟಾಲರ್, ಸಿ ಪ್ಲಸ್ ಪ್ಲಸ್ ಕ್ಯೂಟಿ ಆದರೆ ವಿಂಡೋಸ್‌ನಲ್ಲಿ ವಿನ್‌ಡಿಪ್ಲಾಯ್‌ಕ್ಯೂಟಿ, ಲಿನಕ್ಸ್‌ಗೆ ಫ್ಲಾಟ್‌ಪ್ಯಾಕ್, ಜಾವಾಕ್ಕೆ ಜೆಪ್ಯಾಕೇಜ್. ಎಷ್ಟು ಎಂಬಿ ಆಯಿತು, ತೆರೆಯಲು ಎಷ್ಟು ಸೆಕೆಂಡ್ ಹಿಡಿಯಿತು, ಕನ್ನಡ ಫಾಂಟ್ ಇಲ್ಲದ ಮಷೀನ್‌ನಲ್ಲಿ ಬರಹದ ಬದಲು ಚೌಕಗಳು ಬಂದವಾ ಅಂತ ಬರೆದಿಟ್ಟುಕೊಳ್ಳಿ. ಚೌಕ ಬಂದರೆ ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಒಂದನ್ನು ಪ್ರೋಗ್ರಾಂ ಜೊತೆಗೇ ಸೇರಿಸಿ. ಎಲ್ಲ ಸಮ ಬಂದು ಎರಡರ ನಡುವೆ ತೀರ್ಮಾನ ಆಗದಿದ್ದರೆ, ಯಾವುದರ ಅಧಿಕೃತ ದಾಖಲೆಗಳನ್ನು ಓದಿ ನಿಮ್ಮ ಸಮಸ್ಯೆ ನೀವೇ ಬಿಡಿಸಿಕೊಂಡಿರೋ ಅದನ್ನು ಇಟ್ಟುಕೊಳ್ಳಿ.